ಎರಡನೇ ಶನಿವಾರ

ಬೆಳಿಗ್ಗೆ ಮಾರುಕಟ್ಟೆಯಲ್ಲಿ ಗೂಡಿನ ತೂಕ ಬರೆಯುವ ಕೈ
ಸಂಜೆ ಹಳೇ ಫಿಲೇಚರಿನ ಗೇಟಿಗೆ ನೇತುಹಾಕಿದ
ಕರಿಹಲಗೆಯ ಮೇಲೆ ಆಕಾಶದ ಸುದ್ದಿ ಬರೆಯುತ್ತದೆ.
ಸೀಮೆಸುಣ್ಣವೂ ಅದೇ.

ಶನಿವಾರ ಏಳಕ್ಕೆ. ದುಡ್ಡು ಬೇಡ.
ಚಂದ್ರ ಎಂಟೂ ನಲವತ್ತಕ್ಕೆ ಹುಟ್ಟುತ್ತಾನೆ, ಅಷ್ಟರೊಳಗೆ ಬನ್ನಿ.
ಸ್ವೆಟರ್ ತನ್ನಿ. ಟಾರ್ಚಿಗೆ ಕೆಂಪು ಕಾಗದ ಸುತ್ತಿ ತನ್ನಿ.
ಶನಿಯ ಉಂಗುರ ಈ ತಿಂಗಳು ಕಾಣುವುದಿಲ್ಲ.

"ಕಾಣಲ್ಲ ಅಂತ ಬರೆದು ಜನ ಕರೆಯೋನು
ಶಿಡ್ಲಘಟ್ಟದಲ್ಲಿ ನೀನೊಬ್ಬನೇ ಕಣಪ್ಪ"
ಅಂದ ಟೀ ಅಂಗಡಿ ಗಂಗುಲಪ್ಪ.
ಮೊದಲು ಬಂದವನೂ ಅವನೇ, ಮಫ್ಲರ್ ಸುತ್ತಿಕೊಂಡು.

ಮೆಟ್ಟಿಲು ಹತ್ತುವಾಗ ಈಗಲೂ ಮೂಗಿಗೆ ಬಡಿಯುತ್ತದೆ
ಬೆಂದ ಹುಳುವಿನ ವಾಸನೆ.
ಬಾಯ್ಲರ್ ಆರಿ ಒಂಬತ್ತು ವರ್ಷ,
ಗೋಡೆ ಮರೆತಿಲ್ಲ.
ಮಹಡಿಯಲ್ಲಿ ನಮ್ಮ ದುರ್ಬೀನು:
ಬೋರಿಗೆ ಇಳಿಸಿ ಮಿಕ್ಕ ನೀಲಿ ಕೇಸಿಂಗ್ ಪೈಪು,
ಬುಡದಲ್ಲಿ ಆರಿಂಚಿನ ಕನ್ನಡಿ.
ಗಣಿತದ ಪ್ರಫುಲ್ಲಾ ಮೇಡಂ
ಎರಡು ಬೇಸಿಗೆ ರಜೆ ಉಜ್ಜಿ ಉಜ್ಜಿ
ಕೂದಲೆಳೆಗಿಂತ ಕಮ್ಮಿ ಬಗ್ಗಿಸಿದ ಗಾಜು.
ಪಾತಾಳಕ್ಕೆ ಹೋಗಬೇಕಿದ್ದದ್ದು
ಮೇಲಕ್ಕೆ ಬಾಯಿ ತೆರೆದು ನಿಂತಿದೆ.

ಏಳೂ ಹತ್ತಕ್ಕೆ, ಮಾತು ಕೊಟ್ಟಂತೆ,
ಲೈನ್‌ಮನ್ ಪಿಳ್ಳಪ್ಪ ವೃತ್ತದ ಹೈಮಾಸ್ಟ್ ಆರಿಸಿದ.
"ಫ್ಯೂಸು ಹೋಗಿತ್ತು ಅಂತ ಬರ್ಕೋತೀನಿ, ನಲವತ್ತೇ ನಿಮಿಷ."
ಕೆಳಗೆ ಊರು ಬೈಯಿತು.
ಮೇಲೆ ಅರವತ್ತು ಜನ ಚಪ್ಪಾಳೆ ತಟ್ಟಿದರು.

ಒಬ್ಬ ಎಳ್ಳೆಣ್ಣೆಯ ಸೀಸೆ ಹಿಡಿದು ಬಂದಿದ್ದ.
"ಸಾಡೇಸಾತಿ ನಡೀತಿದೆ ಮೇಡಂ, ನೇರವಾಗಿ ನೋಡಬಹುದಾ?"
"ಅವನು ನಿಮ್ಮನ್ನ ನೋಡಿ ಆಯ್ತಲ್ಲ,
ನೀವೂ ನೋಡಿಬಿಡಿ, ಲೆಕ್ಕ ಚುಕ್ತಾ."
ನೋಡಿದ. ಎಣ್ಣೆ ಏನು ಮಾಡುವುದೆಂದು ತಿಳಿಯದೆ
ಕಂಕುಳಲ್ಲಿಟ್ಟುಕೊಂಡು ಇಳಿದುಹೋದ.

"ಪುಸ್ತಕದಲ್ಲಿ ಟೋಪಿ ಹಾಕ್ಕೊಂಡಿದ್ದ,
ಇಲ್ಲಿ ಬರೀ ಗೋಲಿ" ಅಂದಳು ಒಂದು ಹುಡುಗಿ.
ಅಲ್ಲಿಂದ ಸಾಲು ಸಡಿಲವಾಯಿತು.
ಮಾರುಕಟ್ಟೆಯಲ್ಲಿ ರೇಟು ಬಿದ್ದ ಸುದ್ದಿ
ಹಬ್ಬುವುದೂ ಹೀಗೆಯೇ, ಯಾರೂ ಜೋರಾಗಿ ಹೇಳದೆ.
"ಉಂಗುರ ಹೋಗಿಲ್ಲ, ಅಂಚು ತಿರುಗಿಸಿ ನಿಂತಿದೆ,
ರೊಟ್ಟೀನ ಪಕ್ಕದಿಂದ ನೋಡಿದ ಹಾಗೆ"
ಮೇಡಂ ಹೇಳುತ್ತಲೇ ಇದ್ದರು,
ರೊಟ್ಟಿ ಅಂದದ್ದೇ ಇಬ್ಬರು ಊಟಕ್ಕೆ ಹೊರಟರು.

ಕೊನೆಯಲ್ಲಿ ಜೈತುನ್‌ಬಿ.
ಇದೇ ಕಟ್ಟಡದ ಹದಿನಾಲ್ಕನೇ ತೊಟ್ಟಿಯಲ್ಲಿ
ಇಪ್ಪತ್ತಾರು ವರ್ಷ ನೂಲು ಬಿಚ್ಚಿದವಳು.
ಕುದಿನೀರು ಬೆರಳಿನ ಗೆರೆಗಳನ್ನೆಲ್ಲ ತಿಂದುಬಿಟ್ಟು
ರೇಷನ್ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು
"ಇವಳು ಯಾರೋ" ಅನ್ನುತ್ತದೆ.
ನಕ್ಷತ್ರಕ್ಕಲ್ಲ, ತೊಟ್ಟಿ ಇದ್ದ ಜಾಗ ನೋಡಲು ಬಂದಿದ್ದಳು.
ಬಂದದ್ದಕ್ಕೆ ಕೂತಳು.
ಕನ್ನಡಕ ತೆಗೆದಳು. ಉಸಿರು ಹಿಡಿದಳು.
ಹೊತ್ತಾಯಿತು.
ಹಿಂದಿನಿಂದ ಯಾರೋ ಕೆಮ್ಮಿದರು.

"ಎಳೆ ಇದೆ."

"ಎಲ್ಲಿ?"
"ಎರಡೂ ಕಡೆ. ಒಂದೇ ಎಳೆ. ನಡುವೆ ಗೂಡು."
ಕತ್ತಲಲ್ಲಿ ಅವಳ ಹೆಬ್ಬೆರಳು ತೋರುಬೆರಳು
ತಾವಾಗಿ ಕೂಡಿಕೊಂಡವು,
ಏನನ್ನೋ ಹರಿಯದಂತೆ ಎತ್ತಿ ಹಿಡಿದಂತೆ.

ಮೇಡಂ ನೋಡಿದರು. ತುಂಬಾ ಹೊತ್ತು.
"ಹೌದು" ಅಂದರು, ಸಣ್ಣಗೆ.
ನಾನು ನೋಡಿದೆ. ಗೋಲಿ.
ಕಣ್ಣೊರೆಸಿ ಮತ್ತೆ ನೋಡಿದೆ. ಗೋಲಿಯೇ.
ಅಷ್ಟರಲ್ಲಿ ಪಿಳ್ಳಪ್ಪನಿಗೆ ಮೇಲಿನವರ ಫೋನು ಬಂದು
ಹೈಮಾಸ್ಟ್ ಭಗ್ಗೆಂದಿತು.

ಎಲ್ಲರೂ ಇಳಿದ ಮೇಲೆ ಚಂದ್ರ ಬಂದ,
ಎದುರು ಮಹಡಿಯಲ್ಲಿ ಒಣಗಲಿಟ್ಟ
ಬಿದಿರಿನ ಚಂದ್ರಿಕೆಗಳ ಮೇಲೆ.
ಹುಳು ಗೂಡು ಕಟ್ಟುವ ತಟ್ಟೆಗೆ ಆ ಹೆಸರು ಯಾಕೆಂದು
ಹುಟ್ಟಿದಾಗಿನಿಂದ ಈ ಊರಲ್ಲಿದ್ದೂ ಕೇಳಿಕೊಂಡಿರಲಿಲ್ಲ.

ಸೋಮವಾರ ಗೂಡಿನ ತೂಕ ಮುಗಿಸಿ ಬಂದು
ಕರಿಹಲಗೆಯ ಕೊನೆಯ ಸಾಲು ಒರೆಸಿದೆ.
ಬರೆದೆ:
ಉಂಗುರ ಜೈತುನ್‌ಬಿಗೆ ಕಂಡಿದೆ.
ಉಳಿದವರು ಮುಂದಿನ ತಿಂಗಳು ಬನ್ನಿ.
ಕನ್ನಡಿ ಒರೆಸಲು ಹಳೇ ರೇಷ್ಮೆ ಬಟ್ಟೆ ಇದ್ದರೆ ತನ್ನಿ.